ಏಸಿ ಗ್ಯಾಸಿನ ಕಾಲಂನಲ್ಲಿ ನಾನು ಬರೆದ ಸೊನ್ನೆ

ನಮ್ಮ ವಿಶ್ವವಿದ್ಯಾಲಯ ಕಾರ್ಬನ್ ನ್ಯೂಟ್ರಲ್ ಆಗಬೇಕು, ಅಂದರೆ ಗಾಳಿಗೆ ಬಿಡುವ ಕಾರ್ಬನ್ ಕಡಿಮೆ ಮಾಡಿ ಉಳಿದದ್ದನ್ನು ಸರಿದೂಗಿಸಬೇಕು ಅಂತ ತೀರ್ಮಾನವಾದಾಗ, ನಾವು ಎಷ್ಟು ಬಿಡುತ್ತೇವೆ ಅಂತ ಲೆಕ್ಕ ಹಾಕುವ ಕೆಲಸ ನನ್ನ ತಲೆಗೆ ಬಿತ್ತು. ನಾನು ಕಟ್ಟಡಗಳ ನಿರ್ವಹಣೆ ನೋಡಿಕೊಳ್ಳುವವನು. ಕರೆಂಟ್ ಬಿಲ್, ಜನರೇಟರ್ ಡೀಸೆಲ್, ಹಾಸ್ಟೆಲ್ ಅಡುಗೆಮನೆಯ ಸಿಲಿಂಡರ್ ಎಲ್ಲದರ ದಾಖಲೆಯೂ ಬೇಗ ಸಿಕ್ಕಿತು. ಏಸಿ ಗ್ಯಾಸ್ ಸೋರಿಕೆ ಅನ್ನೋ ಒಂದು ಕಾಲಂ ಮಾತ್ರ ಖಾಲಿ ಉಳಿಯಿತು. ಸುಮ್ನೆ ಸೊನ್ನೆ ಬರೆದುಬಿಟ್ಟೆ. ಯಾರೂ ಕೇಳಲಿಲ್ಲ.

ಕೆಲವು ತಿಂಗಳ ನಂತರ ಬೇರೆ ಯಾವುದೋ ಕೆಲಸಕ್ಕೆ ಏಸಿ ಮೆಕ್ಯಾನಿಕ್ ಜೊತೆ ಕೂತಿದ್ದೆ. ಅವರ ಮಾಸಿದ ನೋಟ್‌ಬುಕ್‌ನಲ್ಲಿ ಒಂದೇ ಲ್ಯಾಬಿನ ಹೆಸರು ಮೂರು ಸಲ ಇತ್ತು.

“ಅದಕ್ಕೆ ವರ್ಷಕ್ಕೆ ಮೂರು ಸಲ ಗ್ಯಾಸ್ ಹಾಕಲೇಬೇಕು ಸರ್.”

“ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತೆ?”

ಅವರು ನಕ್ಕರು. “ಗಾಳಿಗೆ ಸರ್, ಇನ್ನೆಲ್ಲಿಗೆ?”

ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಮತ್ತೆ ತುಂಬಬೇಕಾಯಿತು ಅಂದರೆ ಅಷ್ಟು ಸೋರಿದೆ ಅಂತಲೇ ಅರ್ಥ. ಆ ಲ್ಯಾಬಿನ ಮೆಷಿನ್‌ನಲ್ಲಿದ್ದದ್ದು ಆರ್-410ಎ ಅನ್ನೋ ಗ್ಯಾಸ್. ಅದರ ಒಂದು ಕೆಜಿ ಸೋರಿದರೆ, ನೂರು ವರ್ಷದಲ್ಲಿ ಭೂಮಿಯನ್ನು ಎಷ್ಟು ಬಿಸಿ ಮಾಡುತ್ತದೆ ಅನ್ನೋ ಲೆಕ್ಕದಲ್ಲಿ, ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ಒಂದು ಲೀಟರ್ ಡೀಸೆಲ್ ಉರಿದರೆ ಬರುವುದು ಸುಮಾರು 2.7 ಕೆಜಿ. ಅಂದರೆ ಒಂದು ಕೆಜಿ ಗ್ಯಾಸ್ 700 ಲೀಟರಿಗೂ ಜಾಸ್ತಿ ಡೀಸೆಲ್‌ಗೆ ಸಮ! ಜನರೇಟರ್ ಅನಗತ್ಯವಾಗಿ ಓಡಿಸಬೇಡಿ ಅಂತ ಸುತ್ತೋಲೆ ಕಳಿಸಿದವನು ನಾನೇ.

ಆ ನೋಟ್‌ಬುಕ್ಕನ್ನೂ ಗ್ಯಾಸ್ ಸಿಲಿಂಡರ್ ಕೊಂಡ ಬಿಲ್‌ಗಳನ್ನೂ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆ. ಲ್ಯಾಬಿನ ಮೆಷಿನ್‌ನಲ್ಲಿ ಸೋರುತ್ತಿದ್ದದ್ದು ಒಂದು ಪೈಪಿನ ಜಾಯಿಂಟ್. ನೈಟ್ರೋಜನ್ ತುಂಬಿ, ಸೋಪು ನೀರು ಹಚ್ಚಿದಾಗ ಗುಳ್ಳೆ ಎದ್ದಿತು. ರಿಪೇರಿಗೆ ಒಂದು ಮಧ್ಯಾಹ್ನ ಹಿಡಿಯಿತು, ಅಷ್ಟೇ. ಇಷ್ಟು ವರ್ಷ ಯಾಕೆ ಮಾಡಿರಲಿಲ್ಲ ಅಂದರೆ, ಗ್ಯಾಸ್ ತುಂಬಿದರೆ ಅರ್ಧ ಗಂಟೆಯಲ್ಲಿ ರೂಮ್ ತಣ್ಣಗಾಗುತ್ತಿತ್ತು. ದೂರು ಕೊಟ್ಟವರಿಗೆ ಅಷ್ಟು ಸಾಕಿತ್ತು. ಮೆಕ್ಯಾನಿಕ್‌ದೇನು ತಪ್ಪು? ಸೋರಿಕೆ ಹುಡುಕಿ ಅಂತ ನಾವು ಒಂದು ದಿನವೂ ಹೇಳಿರಲಿಲ್ಲ.

ಈಗ ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬುವ ಹಾಗಿಲ್ಲ. ಹೊಸ ಮೆಷಿನ್ ಕೊಳ್ಳುವಾಗ ಒಳಗೆ ಯಾವ ಗ್ಯಾಸ್ ಇದೆ ಅಂತಲೂ ಕೇಳುತ್ತೇವೆ. ಆರ್-32 ಅನ್ನೋ ಗ್ಯಾಸ್ ಆದರೆ ಪರಿಣಾಮ ಆರ್-410ಎಯ ಸುಮಾರು ಮೂರನೇ ಒಂದು ಭಾಗ. ಅದೂ ಒಳ್ಳೇದೇನಲ್ಲ, ಕಡಿಮೆ ಕೆಟ್ಟದ್ದು.

ಮುಂದಿನ ಮೀಟಿಂಗ್‌ನಲ್ಲಿ ನಮ್ಮ ಒಟ್ಟು ಮೊತ್ತ ಮೊದಲಿಗಿಂತ ಜಾಸ್ತಿ ಕಾಣಿಸಿತು. “ಸೋಲಾರ್ ಹಾಕಿದ ಮೇಲೂ ಏರಿತಾ?” ಅಂತ ಕೇಳಿದರು. ಏರಿಲ್ಲ, ಹೋದ ಸಲ ನಾನು ಗೊತ್ತಿಲ್ಲದೆ ಸೊನ್ನೆ ಬರೆದಿದ್ದೆ ಅಂದೆ. ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಳೆಯ ವರದಿಯನ್ನೂ ತಿದ್ದಿ ಕೊಡಿ ಅಂದರು.