ಡೆತ್‌ಕೋರ್ ಬದುಕಿದೆ, ಬರೀ ಆ 20 ಸೆಕೆಂಡಿನಿಂದಲ್ಲ

ಮೊನ್ನೆ ರಾತ್ರಿ ಚಿಕ್ಕಮ್ಮನ ಮಗ ಒಂದು ಕ್ಲಿಪ್ ಕಳ್ಸಿದ್ದ, ಜೊತೆಗೆ ಒಂದೇ ಸಾಲು, "ಅಣ್ಣಾ ಇದು ನಿಜವಾಗ್ಲೂ ಮನುಷ್ಯನ ಗಂಟಲಾ?" ಓಪನ್ ಮಾಡಿದ್ರೆ ಲೋರ್ನಾ ಶೋರ್ ಅನ್ನೋ ಮೆಟಲ್ ಬ್ಯಾಂಡಿನ 'ಟು ದ ಹೆಲ್‌ಫೈರ್' ಹಾಡಿನ ಕೊನೇ ಬ್ರೇಕ್‌ಡೌನ್ (ತಾಳ ನಿಧಾನಕ್ಕಿಳಿದು ಭಾರವಾಗಿ ಏಟು ಬೀಳೋ ಭಾಗ), 20 ಸೆಕೆಂಡಿಗೆ ಕತ್ತರಿಸಿದ್ದು. 2021ರ ಜೂನ್‌ನಲ್ಲಿ ಬಂದ ಹಾಡು ಅದು, ಆ ತುಣುಕು ಅವತ್ತಿಂದ ಫೋನಿಂದ ಫೋನಿಗೆ ಓಡಾಡ್ತಾನೇ ಇದೆ. ಹೌದಪ್ಪಾ ಮನುಷ್ಯನೇ, ವಿಲ್ ರಾಮೋಸ್ ಅಂತ ಹೆಸ್ರು ಅಂತ ಬರೆದೆ. ತಕ್ಷಣ ಇನ್ನೊಂದು ಮೆಸೇಜ್, "ನೀನು ಕಾಲೇಜಲ್ಲಿದ್ದಾಗ ಕೇಳ್ತಿದ್ಯಲ್ಲ ಡೆತ್‌ಕೋರ್ ಅಂತ, ಇದು ಅದೇನಾ? ಅದು ಮುಗ್ದೇ ಹೋಯ್ತು ಅಂತ ನೀನೇ ಹೇಳಿದ್ದೆ?"

ಹೇಳಿದ್ದೆ, ನಿಜ. ಒಂದು ಕಾಲದಲ್ಲಿ ನಾನೇ ಅದಕ್ಕೆ ಎಳ್ಳುನೀರು ಬಿಟ್ಟಿದ್ದೆ. ಅವನಿಗೆ ಮೆಸೇಜಲ್ಲಿ ಹೇಳಿ ಮುಗಿಸೋ ಮಾತಲ್ಲ ಇದು ಅನ್ನಿಸ್ತು, ಅದಕ್ಕೇ ಇಲ್ಲಿ ಬರೀತಿದೀನಿ.

ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬೇಕಂದ್ರೆ, ಡೆತ್ ಮೆಟಲ್‌ನ ವೇಗ ಮತ್ತು ಗುಟುರು ದನಿ, ಹಾರ್ಡ್‌ಕೋರ್ ಅನ್ನೋ ಒರಟು ಪಂಕ್ ಸಂಗೀತದ ಬ್ರೇಕ್‌ಡೌನ್, ಇವೆರಡೂ ಸೇರಿದ್ದೇ ಡೆತ್‌ಕೋರ್. ಬೀಜ ಹಳೇದು. ನ್ಯೂಯಾರ್ಕ್‌ನ ಸಫೊಕೇಶನ್ 1991ರ ಆಲ್ಬಮ್‌ನಲ್ಲೇ ಡೆತ್ ಮೆಟಲ್ ಒಳಗೆ ಆ ನಿಧಾನದ ಏಟನ್ನ ತಂದಿದ್ರು. ಆಮೇಲೆ ಕ್ಯಾಲಿಫೋರ್ನಿಯಾದ ಆಂಟಗೊನಿ, ಮಾಂಟ್ರಿಯಲ್‌ನ ಡಿಸ್ಪೈಸ್ಡ್ ಐಕಾನ್, ಇವ್ರೆಲ್ಲ ದಾರಿ ಮಾಡಿಕೊಟ್ರು. ಆದ್ರೆ ನಮ್ಮಂಥೋರ ಕಿವಿಗೆ ಬಿದ್ದಿದ್ದು 2005ರಲ್ಲಿ ಬಂದ 'ಡೂಮ್'. ಅರಿಜೋನಾದ ಜಾಬ್ ಫಾರ್ ಎ ಕೌಬಾಯ್ ಅನ್ನೋ ಹುಡುಗರ ಇಪಿ ಅದು, ಅಂದ್ರೆ ಆಲ್ಬಮ್‌ಗಿಂತ ಚಿಕ್ಕದು, ಮೈಸ್ಪೇಸ್ ಅನ್ನೋ ಆ ಕಾಲದ ಸೋಶಿಯಲ್ ಸೈಟ್‌ನಲ್ಲಿ ಹಬ್ಬಿ ಹಬ್ಬಿ ಎಲ್ಲೆಲ್ಲಿಗೋ ತಲುಪಿತ್ತು, ನಂಗೆ ಸಿಕ್ಕಿದ್ದು ಫ್ರೆಂಡ್ ಒಬ್ಬ ಪೆನ್‌ಡ್ರೈವ್‌ಗೆ ಹಾಕ್ಕೊಟ್ಟಾಗ. ಅದಾದ ಮೇಲೆ ಪ್ರವಾಹ. 2007ರಲ್ಲಿ ಸೂಯಿಸೈಡ್ ಸೈಲೆನ್ಸ್‌ನ 'ದ ಕ್ಲೆನ್ಸಿಂಗ್', ಅದೇ ವರ್ಷ ವೈಟ್‌ಚಾಪೆಲ್‌ನ ಮೊದಲ ಆಲ್ಬಮ್. ಈಗ ದೊಡ್ಡ ದೊಡ್ಡ ಅರೀನಾಗಳಲ್ಲಿ ಹಾಡೋ ಬ್ರಿಂಗ್ ಮಿ ದ ಹೊರೈಜನ್ ಇದೆಯಲ್ಲ, ಅವ್ರ ಮೊದಲ ಆಲ್ಬಮ್ಮೂ 2006ರಲ್ಲಿ ಬಂದ ಡೆತ್‌ಕೋರೇ, ಈಗ ಅದನ್ನ ಕೇಳಿಸಿದ್ರೆ ಹೊಸಬರು ನಂಬೋದೇ ಇಲ್ಲ.

ಅವಾಗ ಈ ಸಂಗೀತಕ್ಕೆ ಮನೆ ಅಂತ ಒಂದಿರ್ಲಿಲ್ಲ. ಡೆತ್ ಮೆಟಲ್‌ನವ್ರು ಇದು ಟೈಟ್ ಪ್ಯಾಂಟಿನ ಹುಡುಗರ ಆಟ ಅಂತ ಮೂಗು ಮುರೀತಿದ್ರು, ಹಾರ್ಡ್‌ಕೋರ್‌ನವ್ರು ನಮ್ದಲ್ಲ ಅಂತಿದ್ರು, ಡೆತ್‌ಕೋರ್ ಅನ್ನೋದೇ ಒಂದು ಬೈಗುಳ ಆಗಿತ್ತು, ಎಷ್ಟೋ ಬ್ಯಾಂಡ್‌ಗಳು ನಮ್ಮನ್ನ ಹಾಗೆ ಕರೀಬೇಡಿ ಅಂತ ದೂರ ನಿಲ್ತಿದ್ವು. ನಂಗೆ ಮಾತ್ರ ಅದರಲ್ಲಿ ಏನೋ ಸಿಕ್ಕಿತ್ತು. ಏನು ಅಂತ ಹೇಳೋಕೆ ಬ್ರೇಕ್‌ಡೌನ್ ಬಗ್ಗೆ ಸ್ವಲ್ಪ ಹೇಳ್ಬೇಕು. ಹಾಡು ಓಡ್ತಾ ಇರುತ್ತೆ, ಡ್ರಮ್ಸ್ ಮಳೆ ಹುಯ್ದಂಗೆ, ಗಿಟಾರ್ ಉಸಿರಾಡೋಕೂ ಬಿಡಲ್ಲ. ಇದ್ದಕ್ಕಿದ್ದಂಗೆ ಎಲ್ಲ ನಿಲ್ಲುತ್ತೆ. ಅರ್ಧ ಸೆಕೆಂಡ್, ಬರೀ ಮೌನ, ಒಮ್ಮೊಮ್ಮೆ ಆ ಮೌನದಲ್ಲಿ ಒಂದೇ ಒಂದು ಸಾಲು ಗುಟುರು. ಆಮೇಲೆ ತಾಳ ಅರ್ಧಕ್ಕಿಳಿದು, ತೀರಾ ಕೆಳಗಿನ ಶ್ರುತಿಗೆ ಇಳಿಸಿದ ತಂತಿಯ ಮೇಲೆ ಏಟು, ಕಿಕ್ ಡ್ರಮ್ ಅದರ ಜೊತೆಗೇ ಕೂದಲೆಳೆ ತಪ್ಪದಂಗೆ, ಕೆಳಗಿಂದ ಒಂದು ಬಾಸ್ ಡ್ರಾಪ್, ಅಂದ್ರೆ ಆಳಕ್ಕೆ ಜಾರೋ ಗುಡುಗಿನಂಥ ಸದ್ದು, ಬಂದು ಎದೆಗೂಡಿಗೇ ಕೈ ಹಾಕಿ ಅಲುಗಾಡಿಸುತ್ತೆ. ಕಿವಿಯಲ್ಲಿ ಕೇಳೋದಲ್ಲ ಅದು, ಮೈಯಲ್ಲಿ ಕೇಳೋದು.

ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ. ಎಲ್ರಿಗೂ ಅದೊಂದೇ ಬೇಕಿತ್ತು. 2010ರ ಹೊತ್ತಿಗೆ ಹಾಡು ಅನ್ನೋದು ಒಂದು ಬ್ರೇಕ್‌ಡೌನ್‌ನಿಂದ ಇನ್ನೊಂದಕ್ಕೆ ಹೋಗೋ ಕಾಲುದಾರಿ ಅಷ್ಟೇ ಆಗಿಬಿಟ್ಟಿತ್ತು, ಬ್ಯಾಂಡ್ ಯಾವ್ದು ಅಂತ ಮುಖಪುಟ ನೋಡಿ ಗುರುತಿಸ್ಬೇಕು, ಹಾಡು ಕೇಳಿ ಅಲ್ಲ. ಮೊದಲಿದ್ದೋರು ಜಾಗ ಖಾಲಿ ಮಾಡಿದ್ರು. ಬ್ರಿಂಗ್ ಮಿ ದ ಹೊರೈಜನ್ 2008ರಲ್ಲೇ ಬೇರೆ ದಾರಿ ಹಿಡಿದ್ರು, ಜಾಬ್ ಫಾರ್ ಎ ಕೌಬಾಯ್ ಡೆತ್ ಮೆಟಲ್ ಕಡೆ ವಾಲಿದ್ರು, ಡಿಸ್ಪೈಸ್ಡ್ ಐಕಾನ್ 2010ರಲ್ಲಿ ಬ್ಯಾಂಡನ್ನೇ ಮುಚ್ಚಿದ್ರು. 2012ರ ನವೆಂಬರ್ 1ಕ್ಕೆ ಸೂಯಿಸೈಡ್ ಸೈಲೆನ್ಸ್‌ನ ಮಿಚ್ ಲಕರ್ ತೀರಿಕೊಂಡ್ರು, ಹಿಂದಿನ ದಿನ ಆಗಿದ್ದ ಬೈಕ್ ಆಕ್ಸಿಡೆಂಟಿನಿಂದ. 28 ವರ್ಷ. ಆ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಅವರ ನೆನಪಿಗೆ ಶೋ ಮಾಡಿದ್ರು, ಬೇರೆ ಬೇರೆ ಬ್ಯಾಂಡಿನ ಗಾಯಕರು ಒಬ್ಬೊಬ್ಬರಾಗಿ ಬಂದು ಅವ್ರ ಹಾಡು ಹಾಡಿದ್ರು, ಬಂದ ದುಡ್ಡು ಮಗಳ ಓದಿಗೆ. ಅದರ ವಿಡಿಯೋ ನೋಡಿ ಮುಗಿಸಿದ ದಿನ ನಂಗೆ ಒಂದು ಬಾಗಿಲು ಹಾಕಿದಂಗೆ ಆಯ್ತು. ಆಮೇಲೆ ಹಲವು ವರ್ಷ ಈ ಕಡೆ ತಲೆ ಹಾಕ್ಲಿಲ್ಲ.

ನಾನು ತಲೆ ಹಾಕ್ಲಿಲ್ಲ ಅಂತ ಅದು ನಿಂತಿತ್ತಾ, ಇಲ್ಲ. ಅದೇ 2012ರಲ್ಲಿ ಆಸ್ಟ್ರೇಲಿಯಾದ ದೈ ಆರ್ಟ್ ಈಸ್ ಮರ್ಡರ್ 'ಹೇಟ್' ಅನ್ನೋ ಆಲ್ಬಮ್ ತಂದಿದ್ರು, ಅದನ್ನ ನಾನು ಎಷ್ಟೋ ವರ್ಷ ತಡವಾಗಿ ಕೇಳಿದೆ, ಈಗಲೂ ಬೇಜಾರಾಗುತ್ತೆ. ಡಿಸ್ಪೈಸ್ಡ್ ಐಕಾನ್ 2014ರಲ್ಲೇ ವಾಪಸ್ ಬಂದಿದ್ರು.

ನನ್ನನ್ನ ವಾಪಸ್ ಎಳ್ಕೊಂಡು ಬಂದಿದ್ದು 2019ರ ವೈಟ್‌ಚಾಪೆಲ್ ಆಲ್ಬಮ್, 'ದ ವ್ಯಾಲಿ'. ಟೆನೆಸಿಯ ನಾಕ್ಸ್‌ವಿಲ್‌ನ ಬ್ಯಾಂಡ್, ಮೂರು ಗಿಟಾರ್, ಮೊದಮೊದಲ ಆಲ್ಬಮ್‌ಗಳಲ್ಲಿ ಕೊಲೆ ರಕ್ತ ಇವೇ ಜಾಸ್ತಿ. ಇಲ್ಲಿ ಗಾಯಕ ಫಿಲ್ ಬೋಜ್‌ಮನ್ ತಾನು ಬೆಳೆದ ಕಣಿವೆ ಬಗ್ಗೆ ಹಾಡ್ತಾರೆ, ತಾಯಿಯ ಮಾನಸಿಕ ಕಾಯಿಲೆ ಬಗ್ಗೆ, ಅಪ್ಪನನ್ನ ಕಳ್ಕೊಂಡ ಮನೆ ಬಗ್ಗೆ. 'ಹಿಕರಿ ಕ್ರೀಕ್' ಅನ್ನೋ ಹಾಡಲ್ಲಿ ಶುರುವಿಂದ ಕೊನೇವರೆಗೂ ಗುಟುರೇ ಇಲ್ಲ, ಬರೀ ಹಾಡೋ ದನಿ. ಅದೇ ದನಿ ಮುಂದಿನ ಹಾಡಲ್ಲಿ ಗುಟುರಿಗೆ ತಿರುಗಿದಾಗ ಇವ್ರು ಕಿರುಚೋದು ಯಾಕೆ ಅಂತ ಗೊತ್ತಿರುತ್ತೆ. ಇಷ್ಟು ವರ್ಷ ನಾವು ಕಾಯ್ತಿದ್ದಿದ್ದು ಬ್ರೇಕ್‌ಡೌನ್‌ಗೆ, ಇಲ್ಲಿ ಬ್ರೇಕ್‌ಡೌನ್ ಬಂದಾಗ ಅಯ್ಯೋ ಬಂತಲ್ಲಾ ಅನ್ಸುತ್ತೆ. ನನ್ನ ಪ್ರಕಾರ ಡೆತ್‌ಕೋರ್ ಬದುಕುಳಿದಿದ್ದು ಇಂಥ ಜಾಗದಲ್ಲಿ, ಅದೇ ಏಟು, ಆದ್ರೆ ಏಟಿನ ಹಿಂದೆ ಒಂದು ನೋವಿದೆ. ಸೂಯಿಸೈಡ್ ಸೈಲೆನ್ಸ್‌ನವ್ರೂ 2017ರಲ್ಲಿ ಹಾಡೋ ದನಿ ತಂದು ನೋಡಿದ್ರು, ಕೇಳುಗರು ಸಿಟ್ಟಾದ್ರು. ದನಿ ಬದಲಾಗಿದ್ದೇ ತಪ್ಪು ಅಂತ ಎಲ್ರೂ ಅಂದ್ರು, ನಂಗೆ ಹಾಗನ್ನಿಸಲ್ಲ, ಆ ಹಾಡುಗಳಿಗೆ ಆ ದನಿ ಇನ್ನೂ ಒಗ್ಗಿರ್ಲಿಲ್ಲ ಅಷ್ಟೇ.

ಇನ್ನು ಲೋರ್ನಾ ಶೋರ್. ನ್ಯೂಜೆರ್ಸಿಯ ಬ್ಯಾಂಡ್, 2009ರಿಂದ ಇದಾರೆ, ಗಾಯಕರು ಬದಲಾದ್ರು, ಸದಸ್ಯರು ಬದಲಾದ್ರು, ಗಿಟಾರಿಸ್ಟ್ ಆಡಮ್ ಡಿ ಮಿಕೋ ಹಿಡಿದ ಪಟ್ಟು ಬಿಡ್ಲಿಲ್ಲ. ವಿಲ್ ರಾಮೋಸ್ ಬಂದ ಮೇಲಿನ ಆ ಒಂದು ಹಾಡು ಟಿಕ್‌ಟಾಕ್‌ನಲ್ಲಿ ಹಬ್ಬಿ ಡೆತ್‌ಕೋರ್ ಹೆಸರೇ ಕೇಳದೋರನ್ನೂ ತಲುಪಿತು, ಸಂಗೀತ ಕಲಿಸೋರೆಲ್ಲ ಕ್ಯಾಮೆರಾ ಮುಂದೆ ಕೂತು ಅದನ್ನ ಕೇಳಿ ಬಾಯಿ ಬಿಟ್ಕೊಂಡು ಕೂತ್ರು. ಒಪೆರಾ ಹಾಡೋ ಎಲಿಜಬೆತ್ ಜಾರೋಫ್, ರಾಮೋಸ್ ಅವರನ್ನ ಯೂಟಾ ವಿಶ್ವವಿದ್ಯಾಲಯದ ಧ್ವನಿ ತಜ್ಞರ ಹತ್ರ ಕರ್ಕೊಂಡು ಹೋಗಿ, ಗಂಟಲೊಳಗೆ ಕ್ಯಾಮೆರಾ ಇಳಿಸಿ ಹಾಡಿಸಿದ್ರು. ದಯವಿಟ್ಟು ಆ ವಿಡಿಯೋ ನೋಡಿ. ನಾವು ಮಾತಾಡೋ ಧ್ವನಿತಂತು ಕೆಳಗಿರುತ್ತೆ, ಅದರ ಮೇಲೆ ಇನ್ನೊಂದು ಜೊತೆ ಮಡಿಕೆ ಇದೆ, ಅದು ಹತ್ರ ಬಂದು ನಡುಗಿದಾಗ ಆ ದನಿ ಹುಟ್ಟುತ್ತೆ. ಗುಲಾಬಿ ಬಣ್ಣದ ಆ ಮಾಂಸದ ಪದರಗಳು ಒಂದೊಂದು ಶಬ್ದಕ್ಕೆ ಒಂದೊಂದು ಆಕಾರ ತಗೊಳ್ತವೆ, ಬೇಕೆಂದಾಗ ಬಿಗೀತವೆ, ಬೇಕೆಂದಾಗ ಸಡಿಲ ಆಗ್ತವೆ. ಅರಚಾಟ ಅಂತ ಬೈಸ್ಕೊಂಡು ಬಂದ ವಿದ್ಯೆ ಅದು, ವರ್ಷಗಟ್ಲೆ ಸಾಧನೆ ಮಾಡಿದ ಹಿಡಿತ ಅಂತ ಅವತ್ತು ಕಣ್ಣಾರೆ ಕಂಡೆ. ತಮ್ಮ ತಾನೂ ಕಲೀತೀನಿ ಅಂತಿದಾನೆ, ಅವನಿಗೆ ಹೇಳಿದ್ದು ಒಂದೇ, ಗಂಟಲು ಉರಿದ್ರೆ ನಿಲ್ಸು, ನೋವಾಗ್ತಿದೆ ಅಂದ್ರೆ ತಪ್ಪು ಮಾಡ್ತಿದೀಯ ಅಂತರ್ಥ.

ಆದ್ರೆ ಆ 20 ಸೆಕೆಂಡನ್ನೇ ಡೆತ್‌ಕೋರ್ ಅಂದ್ಕೊಂಡ್ರೆ ಮೋಸ ಹೋಗ್ತೀವಿ. ಆ ಹಾಡು 6 ನಿಮಿಷದ್ದು. ಮೊದಲ 5 ನಿಮಿಷ ಗಾಯಕವೃಂದ, ತಂತಿವಾದ್ಯ, ಓಡೋ ಡ್ರಮ್ಸ್ ಎಲ್ಲ ಸೇರಿ ಮೇಲೆ ಮೇಲೆ ಕಟ್ಟಿಕೊಂಡು ಹೋಗ್ತಾರೆ, ಕಟ್ಟಿದ್ದಕ್ಕೇ ಕೊನೆಯಲ್ಲಿ ಕುಸಿದಾಗ ಅಷ್ಟು ಭಾರ. ಕಳೆದ ಭಾನುವಾರ ತಮ್ಮ ಮನೆಗೆ ಬಂದಾಗ ಫೋನ್ ಪಕ್ಕಕ್ಕಿಡು ಅಂದು, ನನ್ನ ಹೆಡ್‌ಫೋನ್ ಅವನ ಕಿವಿಗೆ ಹಾಕಿ 2022ರ 'ಪೇನ್ ರಿಮೇನ್ಸ್' ಆಲ್ಬಮ್ಮಿನ ಕೊನೇ ಮೂರು ಹಾಡು ಹಚ್ಚಿದೆ. ಮೂರೂ ಒಂದೇ ಕಥೆ, ಒಟ್ಟು ಸುಮಾರು 20 ನಿಮಿಷ, ಕನಸಲ್ಲಿ ಸಿಕ್ಕಿದೋಳನ್ನ ಕಳ್ಕೊಂಡೋನ ದುಃಖ. ಮೊದಲ ಹಾಡು ಮುಗಿಯೋವರೆಗೂ ಕಾಲು ಕುಣಿಸ್ತಿದ್ದ. ಎರಡನೇದಕ್ಕೆ ಕಾಲು ನಿಂತಿತು. ಮೂರನೇದರ ಮಧ್ಯೆ ಗಿಟಾರ್ ಸೋಲೋ ಬರೋ ಹೊತ್ತಿಗೆ ಕಿಟಕಿ ಕಡೆ ಮುಖ ತಿರುಗಿಸಿಬಿಟ್ಟ, ನಾನು ಎದ್ದು ನೀರು ತರೋಕೆ ಒಳಗೆ ಹೋದೆ. ವಾಪಸ್ ಬಂದಾಗ ಹೆಡ್‌ಫೋನ್ ತೆಗೆದು ಕೇಳಿದ, "ಇಷ್ಟು ಗಲಾಟೆ ಒಳಗೆ ಇಷ್ಟು ಬೇಜಾರು ಹೆಂಗಣ್ಣಾ ಇಟ್ರು?"

ಈಗ ಯಾವ ಕಡೆ ನೋಡಿದ್ರೂ ಬ್ಯಾಂಡ್‌ಗಳಿವೆ. ರಷ್ಯಾದ ಯೆಕಟೆರಿನ್‌ಬರ್ಗ್‌ನಿಂದ ಬಂದ ಸ್ಲಾಟರ್ ಟು ಪ್ರಿವೇಲ್ ಮುಖವಾಡ ಹಾಕ್ಕೊಂಡು ದೊಡ್ಡ ಸಂಗೀತ ಹಬ್ಬಗಳಲ್ಲಿ ಹಾಡ್ತಾರೆ, ಜಪಾನಿನ ಬೇಬಿಮೆಟಲ್ ಹುಡುಗೀರ ಜೊತೆ ಹಾಡೂ ಮಾಡಿದಾರೆ. ಸ್ವಿಟ್ಜರ್‌ಲ್ಯಾಂಡ್‌ನ ಪೇಲ್‌ಫೇಸ್ ಸ್ವಿಸ್, ಸ್ವೀಡನ್‌ನ ಹ್ಯುಮ್ಯಾನಿಟೀಸ್ ಲಾಸ್ಟ್ ಬ್ರೆತ್, ಜರ್ಮನಿಯ ಮೆಂಟಲ್ ಕ್ರುಯೆಲ್ಟಿ, ಒಬ್ಬರಂಗೆ ಒಬ್ಬರಿಲ್ಲ, ಒಬ್ರದ್ದು ಬೀದಿ ಜಗಳದ ಸಿಟ್ಟು, ಒಬ್ರದ್ದು ಯಂತ್ರ ಕುಸಿದಂಥ ಕತ್ತಲೆ, ಒಬ್ರದ್ದು ಬ್ಲ್ಯಾಕ್ ಮೆಟಲ್‌ನ ಚಳಿ. ನ್ಯೂಜೆರ್ಸಿಯವ್ರೇ ಆದ ಫಿಟ್ ಫಾರ್ ಆ್ಯನ್ ಆಟೊಪ್ಸಿ ಬೇರೇನೇ ದಾರಿ, ಅವ್ರ ಗಿಟಾರಿಸ್ಟ್ ವಿಲ್ ಪಟ್ನಿ ಎಷ್ಟೋ ಬ್ಯಾಂಡಿನ ಆಲ್ಬಮ್‌ಗಳನ್ನ ರೆಕಾರ್ಡ್ ಮಾಡ್ಕೊಡೋ ಪ್ರೊಡ್ಯೂಸರ್ ಕೂಡ. ಆವತ್ತು ಮೂಗು ಮುರಿದಿದ್ದ ಡೆತ್ ಮೆಟಲ್ ಗೆಳೆಯರೂ ಈಗ ಇವನ್ನ ನಂಗೇ ಕಳಿಸ್ತಾರೆ.

ನಂಗಿರೋ ಭಯ ಒಂದೇ. 2010ರಲ್ಲಿ ಬ್ರೇಕ್‌ಡೌನ್‌ಗೆ ಆದದ್ದೇ ಈಗ ಗಂಟಲಿಗೆ ಆಗ್ತಿದೆ. ಯಾರು ಎಷ್ಟು ವಿಚಿತ್ರ ಶಬ್ದ ಹೊರಡಿಸ್ತಾರೆ ಅನ್ನೋ ಪೈಪೋಟಿ, ಹಂದಿ ದನಿ, ಗೊರಕೆ ದನಿ, ಅದಕ್ಕೊಂದು ಕಂಪ್ಯೂಟರ್‌ನ ಆರ್ಕೆಸ್ಟ್ರಾ ಮೆತ್ತಿ, ಕ್ಲಿಪ್‌ಗೆ ಸರಿಹೋಗೋ ಹಂಗೆ ಕೊನೇ 20 ಸೆಕೆಂಡು ಮೊದಲೇ ಬರ್ದು ಹಾಡನ್ನ ಹಿಂದಿನಿಂದ ಜೋಡಿಸ್ತಿದಾರೇನೋ ಅನ್ನಿಸೋ ಹಾಡುಗಳು ವಾರವಾರ ಬರ್ತಿವೆ. ಒಂದು ಸಲ ಕೇಳ್ದಾಗ ಮೈ ಜುಮ್ ಅನ್ನುತ್ತೆ, ಎರಡನೇ ಸಲಕ್ಕೆ ಏನೂ ಉಳಿಯಲ್ಲ. ಹಂಗಂತ ಕ್ಲಿಪ್‌ಗಳನ್ನ ಬೈಯೋಕೆ ಮನಸ್ಸು ಬರಲ್ಲ, ನನ್ನ ತಮ್ಮ ಬಂದಿದ್ದು ಅದೇ ಬಾಗಿಲಿಂದ, ನಾನು ಮೈಸ್ಪೇಸ್ ಕಾಲದ ಪೆನ್‌ಡ್ರೈವ್‌ನಿಂದ ಬಂದಂಗೆ. ಒಳಗೆ ಬಂದೋರಿಗೆ ಕೂರೋಕೆ ಜಾಗ ಇದೆಯಾ ಅನ್ನೋದಷ್ಟೇ ನಂಗೆ ಮುಖ್ಯ.

ಜಾಗ ಇದೆ ಅನ್ನೋದಕ್ಕೆ 2025 ಒಂದೇ ಸಾಕು. ವೈಟ್‌ಚಾಪೆಲ್ ಮಾರ್ಚ್‌ನಲ್ಲಿ 'ಹಿಮ್ಸ್ ಇನ್ ಡಿಸೊನೆನ್ಸ್' ತಂದು ಮತ್ತೆ ಹಳೇ ಕ್ರೂರ ಸದ್ದಿಗೆ ಮರಳಿದ್ರು, ಹಾಡೋ ದನಿ ಬಿಟ್ಟು. ಡಿಸ್ಪೈಸ್ಡ್ ಐಕಾನ್ ಹೊಸ ಆಲ್ಬಮ್ ತಂದ್ರು, 2002ರಲ್ಲಿ ಶುರುವಾದ ಬ್ಯಾಂಡ್ ಅದು. ಸೆಪ್ಟೆಂಬರ್‌ನಲ್ಲಿ ಲೋರ್ನಾ ಶೋರ್‌ದು ಬಂತು. ಅದರಲ್ಲಿ 'ಗ್ಲೆನ್‌ವುಡ್' ಅಂತ ಒಂದು ಹಾಡಿದೆ, ರಾಮೋಸ್ ತನಗೂ ಅಪ್ಪನಿಗೂ ನಡುವೆ ಉಳಿದ ದೂರದ ಬಗ್ಗೆ ಹಾಡಿರೋದು. ನಿನ್ನೆ ರಾತ್ರಿ ಅದನ್ನ ತಮ್ಮನಿಗೆ ಕಳಿಸ್ದೆ, ಕ್ಲಿಪ್ ಅಲ್ಲ, ಪೂರ್ತಿ ಹಾಡು. ಬೆಳಿಗ್ಗೆ ಎದ್ದು ನೋಡಿದ್ರೆ ಒಂದೂವರೆ ಗಂಟೆ ರಾತ್ರಿಗೆ ಅವನ ಮೆಸೇಜ್, "ಅಣ್ಣಾ ಮೂರ್ ಸಲ ಕೇಳ್ದೆ, ಈ ಭಾನುವಾರಾನೂ ಬರ್ಲಾ?"