ದುರ್ಗದಿಂದ ಕುಪ್ಪಳಿಗೆ ಹೋಗೋರಿಗೆ ಒಂದಿಷ್ಟು ಮಾಹಿತಿ

ಚಿತ್ರದುರ್ಗದಿಂದ ಕುವೆಂಪು ಅವರ ಊರು ಕುಪ್ಪಳಿಗೆ ಬೆಳಗ್ಗೆ ಹೊರಟು ರಾತ್ರಿಗೆ ವಾಪಸ್ ಬರಬಹುದು, ಆದ್ರೆ ಹಂಗೆ ಮಾಡ್ಬೇಡಿ, ಬರೀ ಅವ್ರ ಮನೆ ನೋಡ್ಕೊಂಡು ಓಡಿ ಬಂದಂಗಾಗತ್ತೆ. ತೀರ್ಥಹಳ್ಳೀಲಿ ಒಂದು ರಾತ್ರಿ ಉಳ್ಕೊಳ್ಳಿ.

ದಾರಿ ಸುಲಭ. ಹೊಳಲ್ಕೆರೆ, ಹೊಳೆಹೊನ್ನೂರು ಮೇಲೆ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ ಸುಮಾರು 60 ಕಿಲೋಮೀಟರು, ಆಮೇಲೆ ಕೊಪ್ಪ ರೋಡಲ್ಲಿ ಹೋಗಿ ಗಡಿಕಲ್ ಅನ್ನೋ ಜಾಗದಿಂದ ಒಳಗೆ ತಿರುಗಬೇಕು. ಬಸ್ಸಲ್ಲಿ ಹೋಗೋರು ತೀರ್ಥಹಳ್ಳೀಲೇ ಹೋಗಿ ಬರೋಕೆ ಆಟೋ ಮಾತಾಡ್ಕೊಂಡ್ರೆ ಒಳ್ಳೇದು. ಶಿವಮೊಗ್ಗ ದಾಟಿದ್ಮೇಲೆ ಸಕ್ರೆಬೈಲು ಆನೆ ಬಿಡಾರ ಸಿಗತ್ತೆ, ಮಕ್ಕಳಿದ್ರೆ ನಿಲ್ಲಿಸಲೇಬೇಕು, ಆನೆಗಳ ಸ್ನಾನ ಬೆಳಗ್ಗೆ ಹೊತ್ತು ಇರೋದ್ರಿಂದ ದುರ್ಗ ಬಿಡುವಾಗ ಕತ್ತಲೆ ಇದ್ರೇ ಸರಿ.

ಇನ್ನು ಕವಿಮನೆ. ಕುವೆಂಪು ಹುಟ್ಟಿದ್ದು 1904ರಲ್ಲಿ ತಾಯಿ ತವರು ಹಿರೇಕೊಡಿಗೇಲಿ, ಬೆಳೆದಿದ್ದು ಈ ಮನೇಲಿ. ಮೂರು ಅಂತಸ್ತಿನ ಹೆಂಚಿನ ಮನೆ, ಮಧ್ಯ ಅಂಗಳ, ತುಳಸಿಕಟ್ಟೆ, ಮರದ ಕಂಬಗಳು. ಅಡುಗೆಮನೆ ಪಾತ್ರೆ ಪಡಗ, ಬೇಸಾಯದ ಸಾಮಾನು ಎಲ್ಲಾ ಇಟ್ಟಿದ್ದಾರೆ, ಮೇಲೆ ಪುಸ್ತಕ, ಫೋಟೋ, ಪ್ರಶಸ್ತಿಗಳಿವೆ. ಅವ್ರ ಕಾದಂಬರಿ ಓದಿದ್ರೆ ಜಗಲಿ, ಉಪ್ಪರಿಗೆ ಅಂತ ಬರೋದೆಲ್ಲ ಇಲ್ಲಿ ಕಣ್ಣಿಗೇ ಕಾಣತ್ತೆ, ನಮ್ಮ ಬಯಲುಸೀಮೆ ಮನೆಗಳಲ್ಲಿ ಹುಟ್ಟಿ ಬೆಳೆದೋರಿಗೆ ಓದುವಾಗ ಅದು ಪೂರ್ತಿ ಅಂದಾಜಾಗಿರಲ್ಲ. ಒಳಗೆ ಫೋಟೋ ತೆಗೆಯೋ ಹಂಗಿಲ್ಲ, ಫೋನ್ ಜೇಬಲ್ಲಿಟ್ಟು ನಿಧಾನಕ್ಕೆ ನೋಡಿ.

ಆದ್ರೆ ನಾನು ಇಷ್ಟೆಲ್ಲ ಬರೀತಿರೋದೇ ಕವಿಶೈಲದ ಸಲುವಾಗಿ. ಮನೆ ಪಕ್ಕದ ಗುಡ್ಡ, ವಯಸ್ಸಾದೋರೂ ನಿಧಾನಕ್ಕೆ ಹತ್ತಬಹುದು. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿ ಇಲ್ಲೇ ಇರೋದು, ಸುತ್ತ ದೊಡ್ಡ ದೊಡ್ಡ ಕಲ್ಲು ನಿಲ್ಸಿರೋದು ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆ. ಮೊಳಕಾಲ್ಮೂರು ಕಡೆ ಬ್ರಹ್ಮಗಿರಿಯ ಬೃಹತ್ ಶಿಲಾ ಗೋರಿಗಳನ್ನ ನೋಡಿದೋರಿಗೆ ತಕ್ಷಣ ಅವೇ ನೆನಪಾಗ್ತವೆ. ಅಲ್ಲೇ ಬಂಡೆ ಮೇಲೆ 1936ರಲ್ಲಿ ಕೆತ್ತಿದ ಅಕ್ಷರಗಳಿವೆ, ಅದನ್ನ ಹುಡುಕಿ ನೋಡದೆ ಇಳೀಬೇಡಿ. ಅವು ಮೂವರ ಹೆಸರು: ಕವಿ ಬಿ.ಎಂ.ಶ್ರೀ, ಕುವೆಂಪು, ಜೊತೆಗೆ ಟಿ.ಎಸ್. ವೆಂಕಣ್ಣಯ್ಯನವರು. ವೆಂಕಣ್ಣಯ್ಯನವರು ಯಾರು ಅಂದ್ಕೊಂಡ್ರಿ, ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನೋರು! ಮೈಸೂರಲ್ಲಿ ಕುವೆಂಪು ಅವರ ಗುರುಗಳು. ಮುಂದೆ ಜ್ಞಾನಪೀಠ ತಂದುಕೊಟ್ಟ ರಾಮಾಯಣ ದರ್ಶನವನ್ನ ಕುವೆಂಪು ಅರ್ಪಣೆ ಮಾಡಿರೋದು ಇವರಿಗೇ, ಆದ್ರೆ ಅದು ಪ್ರಿಂಟಾಗಿ ಬರೋ ಹೊತ್ತಿಗೆ ಗುರುಗಳು ಹೋಗಿ ಹತ್ತು ವರ್ಷ ಆಗಿತ್ತು. ಮಲೆನಾಡಿನ ನಡುವೆ ನಮ್ಮ ಜಿಲ್ಲೆಯೋರ ಹೆಸರು ಕಲ್ಲಲ್ಲಿ ನೋಡಿ ನಂಗಂತೂ ಕಣ್ಣು ತುಂಬಿ ಬಂತು, ಮಕ್ಕಳನ್ನ ಕರ್ಕೊಂಡು ಹೋದ್ರೆ ಅಲ್ಲೇ ಕೂರಿಸ್ಕೊಂಡು ಈ ವಿಷಯ ಹೇಳಿ.

ಇಳಿದು ಬಂದ್ಮೇಲೆ ಕುವೆಂಪು ಅವರ ಮಗ, ಸಾಹಿತಿ ತೇಜಸ್ವಿ ಅವರ ಸ್ಮಾರಕಕ್ಕೂ ಹೋಗಿ, ಹತ್ರಾನೇ ಇದೆ.

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆ ಟೈಮು. ಮಳೆಗಾಲದಲ್ಲಿ ಕಾಡು ಚೆನ್ನಾಗಿರತ್ತೆ ನಿಜ, ಆದ್ರೆ ಬಂಡೆ ಪಾಚಿ ಕಟ್ಟಿ ಜಾರತ್ತೆ, ಇಂಬಳ (ಜಿಗಣೆ) ಬೇರೆ ಹತ್ಕೊಳ್ತವೆ, ಗ್ರಿಪ್ ಇರೋ ಶೂ ಹಾಕ್ಕೊಂಡೇ ಹೋಗಿ. ಡಿಸೆಂಬರ್ 29 ಕುವೆಂಪು ಜನ್ಮದಿನ, ಆವತ್ತು ಕಾರ್ಯಕ್ರಮ ಇರತ್ತೆ, ಶಾಂತವಾಗಿ ನೋಡ್ಬೇಕು ಅನ್ನೋರು ಬೇರೆ ದಿನ ಇಟ್ಕೊಳ್ಳಿ.

ಮಾರನೇ ದಿನಕ್ಕೆ ಕುಂದಾದ್ರಿ ಬೆಟ್ಟ ಅಥವಾ ಕವಲೇದುರ್ಗ ಕೋಟೆ, ಎರಡರಲ್ಲಿ ಒಂದು ಸಾಕು. ನಂಗೆ ಕೇಳಿದ್ರೆ ಕವಲೇದುರ್ಗ. ನಮ್ಮ ದುರ್ಗದ ಏಳುಸುತ್ತಿನ ಕೋಟೆ ನೋಡಿ ಬೆಳೆದೋರಿಗೆ ಕೆಳದಿ ಅರಸರು ಕಾಡೊಳಗೆ ಕಟ್ಟಿಸಿದ ಕೋಟೆ ಹೆಂಗಿದೆ ಅಂತ ನೋಡೋ ಆಸೆ ಇದ್ದೇ ಇರತ್ತೆ, ಗದ್ದೆ ಬದಿಯಿಂದ ಹತ್ತೋ ದಾರೀನೂ ಸೊಗಸಾಗಿದೆ. ನೀರು ಕೆಳಗಿಂದ್ಲೇ ತಗೊಂಡು ಹೋಗಿ, ಬಿಸಿಲೇರೋ ಮುಂಚೆ ಹತ್ತಿ ಇಳಿದ್ರೆ ಮಧ್ಯಾಹ್ನದ ಊಟಕ್ಕೆ ತೀರ್ಥಹಳ್ಳಿ ಸೇರಬಹುದು.