‘ಒಂದು ವರ್ಷ ವೇಸ್ಟ್ ಆಗಲ್ವಾ?’

ಪಿಯುಸಿ ಆಯ್ತು, ಡಿಗ್ರಿಗೆ ಸೇರೋಕೆ ಮೊದಲು ಒಂದು ವರ್ಷ ಹೊರದೇಶದಲ್ಲಿದ್ದು ಬರ್ತೀನಿ ಎಂದು ಮಗಳೋ ಮಗನೋ ಹೇಳಿದ ಮನೆಯವರೆಲ್ಲ ಮೊದಲು ಕೇಳುವುದು ಇದನ್ನೇ. ಸಾಗರದಲ್ಲೂ ಇದೇ, ತೀರ್ಥಹಳ್ಳಿಯಲ್ಲೂ ಇದೇ. ಹೇಳಿ ಹೇಳಿ ಬಾಯಿ ಸೋತಿದೆ. ಬರೆದೇ ಇಡುತ್ತೇನೆ.

ಆ ‘ವೇಸ್ಟ್’ ಅನ್ನೋ ಮಾತೇ ನನಗೆ ಸಿಟ್ಟು ತರಿಸುತ್ತದೆ. ನೀಟ್‌ನಲ್ಲಿ ಸೀಟು ಸಿಗದಿದ್ದರೆ ಇದೇ ಮನೆಯವರು ಮಕ್ಕಳನ್ನು ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕುತ್ತಾರೆ. ಅದೇ ಫಿಸಿಕ್ಸ್, ಅದೇ ಬಯಾಲಜಿ, ಇಡೀ ವರ್ಷ. ಅದನ್ನು ಯಾರೂ ವೇಸ್ಟ್ ಅನ್ನುವುದಿಲ್ಲ, ಅನ್ನಲೂಬಾರದು. ಹಾಗಾದರೆ ಜರ್ಮನ್ ಕಲಿತು, ಪರರ ಮನೆಯಲ್ಲಿ ಹೊಂದಿಕೊಂಡು, ತನ್ನ ಖರ್ಚು ತಾನೇ ತೂಗಿಸಿ ಬಂದ ವರ್ಷ ಮಾತ್ರ ಹೇಗೆ ದಂಡವಾಯಿತು? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ತಾನು ಸೀಟು ಕೊಟ್ಟವರಲ್ಲಿ ಕೆಲವರನ್ನು ತರಗತಿಗೆ ಮೊದಲೇ ಒಂಬತ್ತು ತಿಂಗಳು ಹೊರದೇಶಕ್ಕೆ ಕಳಿಸುವ ಕಾರ್ಯಕ್ರಮವನ್ನು 2009ರಲ್ಲಿ ಶುರುಮಾಡಿತು. ಮೊದಲ ತಂಡಗಳಲ್ಲೊಂದು ಬಂದದ್ದು ನಮ್ಮ ವಾರಾಣಸಿಗೆ.

ವ್ಯತ್ಯಾಸ ಒಂದಿದೆ. ಅವರ ಸೀಟು ಕಾದಿರುತ್ತದೆ, ನಮ್ಮ ಸಿಇಟಿ ಸೀಟು ಕಾಯುವುದಿಲ್ಲ. ಈ ವರ್ಷದ ರ‍್ಯಾಂಕ್ ಈ ವರ್ಷಕ್ಕೇ ಮುಗಿಯಿತು. ವಾಪಸ್ ಬಂದವರು ಮತ್ತೆ ಸಿಇಟಿ ಬರೆಯಬೇಕು, ಅದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಇಲ್ಲೇ ಕೂತು. ಹೆಚ್ಚಿನವರು ಎಡವುವುದು ಇಲ್ಲಿಯೇ. ಅಕ್ಟೋಬರ್‌ನಲ್ಲಿ ಹೊರಟು ಹನ್ನೆರಡು ತಿಂಗಳು ಇದ್ದರೆ ನಡುವಿನ ಏಪ್ರಿಲ್ ಕೈತಪ್ಪಿ, ಒಂದು ವರ್ಷ ಎರಡಾಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್ ಕೊನೆಯವರೆಗೆ ಆರು ತಿಂಗಳು ಅಂತ ಮೊದಲೇ ನಿಗದಿ ಮಾಡಿಕೊಂಡರೆ ಹೋಗುವುದು ಒಂದೇ ವರ್ಷ. ಪುಸ್ತಕ ಜೊತೆಗೇ ಹೋಗಬೇಕು, ಅದು ಬೇರೆ ಮಾತು. ಜೆಇಇ ಅಡ್ವಾನ್ಸ್ಡ್‌ಗೆ ಪಿಯುಸಿ ಬರೆದ ವರ್ಷ ಮತ್ತು ಮರುವರ್ಷ, ಎರಡೇ ಅವಕಾಶ. ಐಐಟಿಯೇ ಗುರಿಯಾದರೆ ಹೊರಡುವುದು ಬೇಡ ಅಂತಲೇ ನನ್ನ ಸಲಹೆ.

ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ: ‘ಯಾವ ವೀಸಾದಲ್ಲಿ ಹೋಗ್ತಾಳೆ?’ ಇದನ್ನು ಯಾರೂ ಕೇಳುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತ ಸುತ್ತುವ ವೀಸಾ ಭಾರತೀಯರಿಗೆ 2024ರಲ್ಲಿ ತೆರೆಯಿತು. ವರ್ಷಕ್ಕೆ 1,000 ಜನ, ಅದೂ ಲಾಟರಿ. ಆದರೆ ಪಿಯುಸಿ ನಂತರ ಕನಿಷ್ಠ ಎರಡು ವರ್ಷ ಓದಿರಬೇಕು. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ವೀಸಾಕ್ಕೆ ಡಿಗ್ರಿಯೇ ಬೇಕು. ಎರಡೂ ನಿಮ್ಮ ಮಕ್ಕಳಿಗೆ ಈಗ ಮುಚ್ಚಿದ ಬಾಗಿಲು.

ತೆರೆದಿರುವುದರಲ್ಲಿ ಒಂದು ಜರ್ಮನಿಯ ಓ ಪೇರ್. ಒಂದು ಕುಟುಂಬದ ಜೊತೆ ಉಳಿದು ಅವರ ಮಕ್ಕಳನ್ನು ನೋಡಿಕೊಳ್ಳುವುದು. ಹುಡುಗರೂ ಹೋಗಬಹುದು. 18 ತುಂಬಿರಬೇಕು, 27 ತುಂಬಿರಬಾರದು, ಜರ್ಮನ್ ಭಾಷೆಯ ಎ1 ಮಟ್ಟ, ಅಂದರೆ ಮೊದಲ ಹಂತ, ಬೇಕು. ಆರು ತಿಂಗಳಿಂದ ಒಂದು ವರ್ಷ. ಕುಟುಂಬದಿಂದ ಬರುವ ಕರಾರುಪತ್ರವನ್ನು ಅಡಿಕೆ ಲೆಕ್ಕದ ಚೀಟಿ ಓದುವಷ್ಟೇ ಎಚ್ಚರದಿಂದ ಸಾಲು ಸಾಲಾಗಿ ಓದಿ. ವಾರಕ್ಕೆ 30 ಗಂಟೆಗಿಂತ ಹೆಚ್ಚು ಕೆಲಸ ಇರಬಾರದು. ಪ್ರತ್ಯೇಕ ಕೋಣೆ, ಊಟ, ವಿಮೆ ಅವರದು. ಕೈಖರ್ಚಿಗೆ ತಿಂಗಳಿಗೆ 280 ಯೂರೋ, ಭಾಷಾ ತರಗತಿಗೆ 70 ಯೂರೋ. ವಾರದ ರಜೆ ಬರೆದಿರಬೇಕು. ಗಂಟೆಗಳ ಜಾಗ ಖಾಲಿ ಬಿಟ್ಟಿದ್ದರೆ ಸಹಿ ಹಾಕಬೇಡಿ, ಅಲ್ಲಿಗೆ ಹೋದ ಮೇಲೆ ಆ ಖಾಲಿ ಜಾಗ ತುಂಬಿಸುವವರು ಅವರು.

‘ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಾಯಿಸೋಣ’ ಎನ್ನುವ ಏಜೆಂಟ್ ಸಿಕ್ಕರೆ ಎದ್ದು ಬನ್ನಿ. ಜರ್ಮನಿಯ ಆ ವೀಸಾದಲ್ಲಿ 180 ದಿನಕ್ಕೆ 90 ದಿನವಷ್ಟೇ ಇರಬಹುದು, ಕೆಲಸ ಮಾಡುವಂತಿಲ್ಲ. ತೋಟದ ದುಡ್ಡು ಹೋಗಿ ಹುಡುಗಿ ಮೂರೇ ತಿಂಗಳಿಗೆ ಮನೆಗೆ ಬಂದರೆ, ಆಗ ಬೇಕಾದರೆ ವೇಸ್ಟ್ ಅನ್ನಿ.

ಕೆಲಸದ ಅನುಕ್ರಮವೂ ಮುಖ್ಯ. ಮೊದಲು ಪಾಸ್‌ಪೋರ್ಟ್. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಆಗುತ್ತದೆ, ಸಾಮಾನ್ಯ ಅರ್ಜಿಗೆ 1,500 ರೂಪಾಯಿ. ನಮ್ಮ ಕಡೆಯ ದೊಡ್ಡ ತಲೆನೋವು ಹೆಸರಿನದು. ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಪಾಸ್‌ಪೋರ್ಟ್‌ಗೆ ಇನಿಶಿಯಲ್ ಬಿಡಿಸಿಯೇ ಬರೆಯಬೇಕು. ಎ1 ಪರೀಕ್ಷೆಗೆ ಹೆಸರು ಕೊಡುವುದು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ, ಅದರಲ್ಲಿರುವ ಅಕ್ಷರಗಳಲ್ಲೇ. ಮೊದಲೇ ಇನಿಶಿಯಲ್ ಹಾಕಿ ಬರೆದರೆ ವೀಸಾ ಅರ್ಜಿಯ ದಿನ ಬೆಂಗಳೂರಿನಲ್ಲಿ ಎರಡು ಹೆಸರಿಗೆ ಉತ್ತರ ಹೇಳುತ್ತ ನಿಲ್ಲಬೇಕು.

ಹಾಗೇ ಹೊರಡುವ ಮೊದಲೇ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ನಮೂನೆಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮಾಡಿಸಿಡಿ. ಏಪ್ರಿಲ್ ನಂತರ ಸಿಇಟಿ ದಾಖಲೆ ಪರಿಶೀಲನೆಗೆ ಬೇಕಾಗುವುದು ಇವೇ. ಮೂಲ ಅಂಕಪಟ್ಟಿಗಳ ಜೊತೆ ಒಂದೇ ಫೈಲಿನಲ್ಲಿ, ಮಳೆಗಾಲದ ಥಂಡಿ ತಾಗದ ಕಪಾಟಿನಲ್ಲಿ.